ನಿಮಿಷ ಕಾಯುವ ಸಂಪತಣ್ಣ

ಮೂಡುಬಿದಿರೆಯ ಬಸ್ ನಿಲ್ದಾಣದಲ್ಲಿ ಈಗಷ್ಟೇ ಬೆಳಕು ಹರಿಯುತ್ತಿದೆ. ಬೆಳ್ತಂಗಡಿಗೆ ಹೊರಡುವ ಮೊದಲ ಬಸ್ಸಿನ ತರುಣ ಡ್ರೈವರ್ ಇನ್ನೂ ಚಹಾ ಊದಿ ಊದಿ ಕುಡಿಯುತ್ತಿದ್ದಾನೆ. ಅಷ್ಟರಲ್ಲಿ ಸಂಪತ್‌ಕುಮಾರರ ವಿಸಿಲ್ ಕೇಳಿಸುತ್ತದೆ.

"ಅರ್ಧ ಚಹಾ ಬಾಕಿ ಉಂಟು ಸಂಪತಣ್ಣ."

"ಬಾಕಿ ಅರ್ಧ ಬೆಳ್ತಂಗಡಿಯಲ್ಲಿ ಕುಡಿ ಮಾರಾಯ. ನೀನು ಟೈಮಿಗೆ ಹೋದ್ರೆ ಅಲ್ಲಿಯೂ ಬೆಳಗ್ಗೆಯೇ ಇರ್ತದೆ."

ಸಂಪತ್‌ಕುಮಾರ ಇಲ್ಲಿನ ಖಾಸಗಿ ಬಸ್ಸುಗಳ ಟೈಮ್ ಕೀಪರ್. ಯಾವ ಬಸ್ಸು ಯಾವಾಗ ಬಂತು, ಯಾವಾಗ ಹೊರಡಬೇಕು ಎಂದು ನೋಡಿ ವಿಸಿಲ್ ಊದುವುದು ಅವರ ಕೆಲಸ. ಕೇಳಲು ಸುಲಭ. ಆದರೆ ನಮ್ಮ ಕಡೆಯ ಬಸ್ಸಿನವರಿಗೆ ಆಸ್ತಿ ಪಾಲಿನಲ್ಲೂ ಬರದ ಸಿಟ್ಟು ಒಂದು ನಿಮಿಷದ ವಿಷಯದಲ್ಲಿ ಬರುತ್ತದೆ. ಮುಂದಿನ ಬಸ್ಸು ಹೆಚ್ಚು ಹೊತ್ತು ನಿಂತರೆ ಹಿಂದಿನದಕ್ಕೆ ಜನವೇ ಸಿಗುವುದಿಲ್ಲ. ಕೈ ಕಾಲರಿಗೆ ಹೋಗುವ ಮೊದಲು ಇವರು ನಡುವೆ ಬಂದು ನಿಲ್ಲುತ್ತಾರೆ. ಮೊನ್ನೆ ಇಬ್ಬರು ಕಂಡಕ್ಟರುಗಳು ತಂತಮ್ಮ ವಾಚು ತೋರಿಸಿ ಬೊಬ್ಬೆ ಹೊಡೆಯುತ್ತಿದ್ದರು. "ನಿನ್ನದು ಮುಂದೆ ಓಡ್ತದೆ, ಅವನದು ಹಿಂದೆ. ಎರಡಕ್ಕೂ ಮದುವೆ ಮಾಡಿಸುವ, ಹುಟ್ಟುವ ಮಗುವಾದ್ರೂ ಸರಿ ಟೈಮ್ ತೋರಿಸೀತು" ಎಂದರು ಸಂಪತ್‌ಕುಮಾರ. ಜಗಳ ಅಲ್ಲಿಗೆ ಮುಗಿಯಿತು.

ಊರಿನ ಹೊತ್ತು ಕಾಯುವ ಇವರಿಗೆ ತಮ್ಮ ಊಟದ ಹೊತ್ತು ಸಿಗುವುದೇ ಕಷ್ಟ. ಜೈನರಾದ ಇವರು ಸೂರ್ಯ ಮುಳುಗಿದ ಮೇಲೆ ಉಣ್ಣುವುದಿಲ್ಲ. ಸಂಜೆ ನಿಲ್ದಾಣದಲ್ಲಿ ಕಾಲಿಡಲು ಜಾಗವಿಲ್ಲದಷ್ಟು ಜನ ಸೇರುವುದೂ ಅದೇ ಹೊತ್ತಿಗೆ. ಹಾಗಾಗಿ ಮಿಜಾರಿನ ಮನೆಯಿಂದ ಪತ್ನಿ ಕಮಲಾವತಿ ಬಸ್ಸಿನಲ್ಲಿ ಬುತ್ತಿ ಕಳಿಸುತ್ತಾರೆ. ತರುವವರು ಕಂಡಕ್ಟರ್ ಅಸ್ಕರ್. ರಂಜಾನ್ ತಿಂಗಳಲ್ಲಿ ಅವರ ತಮಾಷೆ ಒಂದೇ: "ನಿಮಗೆ ಸೂರ್ಯ ಮುಳುಗುವ ಮೊದಲು ಊಟ, ನನಗೆ ಮುಳುಗಿದ ಮೇಲೆ. ಒಟ್ಟಿಗೆ ಉಣ್ಣಬೇಕಾದ್ರೆ ಅವನನ್ನು ಅರ್ಧದಲ್ಲಿ ನಿಲ್ಲಿಸಬೇಕಷ್ಟೆ."

ಕಳೆದ ಡಿಸೆಂಬರಿನ ಒಂದು ಸಂಜೆ ಅಸ್ಕರ್ ಅವರ ಬಸ್ಸೇ ತಡವಾಗಿ ಬಂತು. ತಡವಾದ ಬಸ್ಸು ಇಳಿಯುವವರನ್ನು ಇಳಿಸಿ ತಕ್ಷಣ ಹೊರಡಬೇಕು, ಜನರನ್ನು ಕಾಯುತ್ತ ನಿಲ್ಲುವಂತಿಲ್ಲ. ಅಸ್ಕರ್ ಬುತ್ತಿ ಕೊಡುತ್ತ ಮೆಲ್ಲನೆ ಹೇಳಿದರು: "ಕಮಲಕ್ಕ ಓಡಿಕೊಂಡು ಬರ್ತಾ ಇದ್ರು. ಬಿಟ್ಟು ಬರಲಿಕ್ಕೆ ಮನಸ್ಸಾಗಲಿಲ್ಲ, ನಿಲ್ಲಿಸಿದೆ."

ಹಿಂದಿನ ಬಸ್ಸು ಹಾರನ್ ಹೊಡೆಯುತ್ತಿತ್ತು. ಎಲ್ಲರ ಕಣ್ಣು ಸಂಪತ್‌ಕುಮಾರರ ಮೇಲೆ. ಇವತ್ತು ತನ್ನ ಅನ್ನಕ್ಕಾಗಿ ರಿಯಾಯಿತಿ ಕೊಟ್ಟರೆ ನಾಳೆ ಈ ವಿಸಿಲ್‌ಗೆ ಮೂರು ಕಾಸಿನ ಬೆಲೆಯಿಲ್ಲ ಎಂಬುದು ಅವರಿಗೆ ಗೊತ್ತಿತ್ತು. ಊದಿಯೇಬಿಟ್ಟರು. ಅಸ್ಕರ್ ಬಸ್ಸು ಹತ್ತಿದರು. ಬಸ್ಸು ಹೆಚ್ಚುಕಡಿಮೆ ಖಾಲಿಯೇ ಹೋಯಿತು.

"ಉಣ್ಣಲಿಕ್ಕೆ ಹೊತ್ತಿತ್ತು. ಆದ್ರೆ ಬುತ್ತಿ ಬಿಚ್ಚಲಿಕ್ಕೆ ಕೈ ಬರಲಿಲ್ಲ" ಎನ್ನುತ್ತಾರೆ ಸಂಪತ್‌ಕುಮಾರ. "ಅವನ ಕಲೆಕ್ಷನ್ ಹೋದದ್ದು ನನ್ನ ಊಟದಿಂದ." ಬುತ್ತಿ ಮುಚ್ಚಿದಂತೆಯೇ ಮನೆಗೆ ಹೋಯಿತು. ಅದು ಹೊತ್ತಿಗೆ ತಲುಪಿತೋ ಇಲ್ಲವೋ ಎಂಬ ಚಿಂತೆಯಲ್ಲಿ ಅಂದು ಕಮಲಾವತಿಯವರೂ ಉಂಡಿರಲಿಲ್ಲ.

ಮರುದಿನ ಅಸ್ಕರ್ ಮುಖ ಕೊಟ್ಟು ಮಾತಾಡುತ್ತಾರೋ ಇಲ್ಲವೋ ಎಂಬ ಅಳುಕು ಬೆಳಗ್ಗಿನಿಂದಲೇ ಇತ್ತು. ಬಸ್ಸು ಸರಿಯಾದ ಟೈಮಿಗೆ ಬಂತು. ಅಸ್ಕರ್ ಇಳಿದು ಬಂದು ಬುತ್ತಿಯನ್ನು ಬೆಂಚಿನ ಮೇಲಿಟ್ಟರು.

"ನಿನ್ನೆ ಖಾಲಿ ಬಸ್ಸಲ್ಲಿ ನಾನು ಆರಾಮ ಕೂತು ಹೋದೆ. ಇವತ್ತು ನೀವು ಆರಾಮ ಕೂತು ಉಣ್ಣಿ. ನಾವು ನೋಡಿಕೊಳ್ತೇವೆ."

ಅಂದಿನಿಂದ ಅದೇ ಪದ್ಧತಿ. ಇವರು ಉಂಡು ಕೈ ತೊಳೆಯುವವರೆಗೆ ಯಾವ ಕಂಡಕ್ಟರೂ ಜಗಳ ತೆಗೆಯುವುದಿಲ್ಲ. ಬಸ್ಸುಗಳು ತಮ್ಮಷ್ಟಕ್ಕೆ ಟೈಮಿಗೆ ಹೊರಡುತ್ತವೆ. ವಿಸಿಲ್ ಪಕ್ಕದಲ್ಲಿ ಸುಮ್ಮನೆ ಬಿದ್ದಿರುತ್ತದೆ.

ಇನ್ನೇನಾದರೂ ಆಸೆ ಉಂಟಾ ಎಂದು ಕೇಳಿದರೆ ಸಂಪತ್‌ಕುಮಾರ ಪಡುವಣದ ಕಡೆ ನೋಡಿ ನಗುತ್ತಾರೆ.

"ಚಳಿಗಾಲದಲ್ಲಿ ಸೂರ್ಯ ಒಂದೆರಡು ನಿಮಿಷ ಲೇಟ್ ಮಾಡಿದ್ರೆ ಒಳ್ಳೆಯದಿತ್ತು. ಅವನೊಬ್ಬನಿಗೆ ನಾನು ವಿಸಿಲ್ ಊದುವುದಿಲ್ಲ."