ಬ್ಯಾಟರಿ ಡೌನ್ ಆಗಿದ್ದ ಒಂದೂವರೆ ತಿಂಗಳು

ಮಡಗಾಂವದಲ್ಲಿ ನಮ್ಮವರದು ಬಟ್ಟೆ ಅಂಗಡಿ. ಎರಡು ಸಾವಿರದ ಆರನೇ ಇಸವಿಯ ಹೊತ್ತಿಗೆ ಒಂದು ಹೊಸ ಕಾರು ತಗೊಂಡರು. ತಗೊಂಡರು ಎಂದರೆ, ಅದಕ್ಕೊಂದು ಹೊದಿಕೆ ಹೊಲಿಸಿ ಮನೆ ಮುಂದೆ ಮಲಗಿಸಿದರು. ಅಂಗಡಿಗೆ ಸ್ಕೂಟರು, ಕಾರು ರವಿವಾರಕ್ಕೆ ಮಾತ್ರ. ಬೆಳಗಾವಿಯಿಂದ ಬೀಗರು ಬಂದರೆ ಹೊದಿಕೆ ಸರಿಸಿ ದರ್ಶನ ಮಾಡಿಸುವುದೂ ಇತ್ತು.

ನಾನು ಡ್ರೈವಿಂಗ್ ಕಲಿಯುತ್ತೇನೆ ಎಂದಾಗ ನಕ್ಕು ಹೂಂ ಅಂದರು. ಹೇಗೂ ಫೇಲಾಗುತ್ತಾಳೆ ಎಂಬ ಧೈರ್ಯ. ನಾನು ಮೊದಲನೇ ಸಲಕ್ಕೇ ಪಾಸಾದೆ. ಅವರು ಪಾಸಾದದ್ದು ಮೂರನೇ ಸಲಕ್ಕೆ; ಇದನ್ನು ಬರೆಯಬಾರದು ಅಂದುಕೊಂಡಿದ್ದೆ, ಆಗಲಿಲ್ಲ.

ಲೈಸೆನ್ಸು ಬಂದ ವಾರವೇ ಕುಂಕಳ್ಳಿಯಲ್ಲಿದ್ದ ನಮ್ಮ ಅಕ್ಕ ಬಚ್ಚಲಲ್ಲಿ ಜಾರಿ ಬಿದ್ದು ಕಾಲು ಮುರಿದುಕೊಂಡಳು. ಭಾವ ಅಲ್ಲಿನ ಕಾರ್ಖಾನೆಯಲ್ಲಿ ಪಾಳಿ ಮೇಲೆ ದುಡಿಯುವವರು, ಮನೆಯಲ್ಲಿ ಬೇಯಿಸಿ ಹಾಕುವವರಿಲ್ಲ. ದಿನಾ ಊಟ ಒಯ್ಯಬೇಕು. ಕಾರಿದೆ, ಲೈಸೆನ್ಸಿದೆ, ಇನ್ನೇನು ಎಂದು ಕೂತು ಚಾವಿ ತಿರುವಿದೆ. ಕಾರು ಉಸಿರೆತ್ತಲಿಲ್ಲ. ಹಾರ್ನು ಒತ್ತಿದರೆ ಅದೂ ಇಲ್ಲ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ.

"ಬ್ಯಾಟರಿ ಡೌನ್ ಐತಿ," ಅಂದರು ನಮ್ಮವರು, ಪೇಪರಿನಿಂದ ತಲೆ ಎತ್ತದೆ. "ನಿನಗ ತಿಳ್ಯೂದಿಲ್ಲ, ಬಿಡು."

ರವಿವಾರ ಬಂತೆಂದರೆ ಬಾನೆಟ್ ಎತ್ತಿ ಒಂದು ನಿಮಿಷ ಒಳಗೆ ತಲೆ ಹಾಕುವರು, ಆಮೇಲೆ ಕೂತು ಚಾವಿ ತಿರುವಿದರೆ ಕಾರು ಶುರು. "ಅದಕ್ಕೂ ಕೈಗುಣ ಬೇಕಾಗತೈತಿ," ಎಂಬ ವ್ಯಾಖ್ಯಾನ ಬೇರೆ. ಸೋಮವಾರ ನಾನು ಕೂತರೆ ಮತ್ತೆ ಡೌನು. ಗಂಡಸು ಯಾರು, ಹೆಂಗಸು ಯಾರು ಎಂದು ಬ್ಯಾಟರಿಗೆ ಅಷ್ಟು ಚೆನ್ನಾಗಿ ಗೊತ್ತಾಗುತ್ತಿತ್ತು. ನಾನೂ ನಂಬಿದೆ. ಒಂದೂವರೆ ತಿಂಗಳು ಡಬ್ಬಿ ಎದೆಗವಚಿಕೊಂಡು ಬಸ್ಸಿನಲ್ಲಿ ನಿಂತು, ಕಂಡಕ್ಟರನ "ಫುಡೆಂ ವಚ್, ಫುಡೆಂ ವಚ್" ಕೇಳುತ್ತ ಮುಂದಕ್ಕೆ ತಳ್ಳಿಸಿಕೊಂಡು ಹೋದೆ.

ಕೊನೆಗೆ ಒಂದು ದಿನ ಅವರು ಅಂಗಡಿಗೆ ಹೋದ ಮೇಲೆ ಪಾನಾ ಹಿಡಿದು ನಾನೇ ಬ್ಯಾಟರಿ ಬಿಚ್ಚಿದೆ. ಕೆಂಪು ವೈರು ಬಿಚ್ಚಲು ಬೆವರು ಬಂತು. ಕರಿ ವೈರಿನ ಕ್ಲಾಂಪು ಮುಟ್ಟಿದರೆ ಕೈಗೇ ಬಂತು. ಪಾಪ, ತಾನಾಗಿಯೇ ಬಿಟ್ಟುಕೊಂಡಿದೆ ಎಂದು ಖುಷಿಪಟ್ಟೆ. ರಿಕ್ಷಾದಲ್ಲಿ ಇಟ್ಟುಕೊಂಡು ಗಾಡಿ ಸಾಮಾನಿನ ಅಂಗಡಿಗೆ ಒಯ್ದೆ. ಅಂಗಡಿಯವರು ಗದಗಿನ ಕಡೆಯವರು, ನಮ್ಮವರ ಪರಿಚಯ.

ಅವರು ಮೀಟರಿನ ಎರಡು ಮುಳ್ಳು ಒತ್ತಿ ನೋಡಿದರು. ಆರೂ ಮುಚ್ಚಳ ತೆಗೆದು ಗಾಜಿನ ನಳಿಗೆಯಿಂದ ಆಸಿಡ್ ಎಳೆದು ನೋಡಿದರು.

"ಅಕ್ಕಾರ, ಇದಕ್ಕ ಏನೂ ಆಗಿಲ್ರಿ. ಫುಲ್ ಐತಿ."

"ಹಂಗಲ್ರಿ. ಡೌನ್ ಐತಂತ ನಮ್ಮ ಮನಿಯವ್ರು ಹೇಳ್ಯಾರ. ನೀವು ಚಾರ್ಜಿಗೆ ಹಚ್ರಿ."

"ತುಂಬಿದ ಕೊಡಕ್ಕ ಮತ್ತ ನೀರ ಹಾಕಂದ್ರ ಹೆಂಗ್ರಿ?"

ನಾನು ಬಿಡಲಿಲ್ಲ. ನಿಮ್ಮ ಮೀಟರೇ ಕೆಟ್ಟಿರಬೇಕು ಅಂದೆ. ಅಂಗಡಿ ತುಂಬ ಜನರೆದುರು ಗಂಡನ ಮಾತಿಗಾಗಿ ಜಗಳಕ್ಕೆ ನಿಂತ ಮಹಾ ಪತಿವ್ರತೆ ನಾನು.

ಅವರು ಮೀಟರು ಪಕ್ಕಕ್ಕಿಟ್ಟು ಕೇಳಿದರು: "ಬಿಚ್ಚೂ ಮುಂದ ಕರೀ ವೈರಿನ ಕ್ಲಾಂಪ್ ಬಿಗಿ ಇತ್ತೇನ್ರಿ?"

"ಇಲ್ರಿ. ಕೈಗೇ ಬಂತು."

ಅವರು ಬಲ್ಬಿನ ಡಬ್ಬಿಗಳನ್ನು ಎತ್ತಿಡತೊಡಗಿದರು. ಆ ಮುಖ ನೋಡಿದ ಮೇಲೆ ನನಗೆ ರವಿವಾರದ ಕೈಗುಣ ಅರ್ಥವಾಯಿತು: ರವಿವಾರ ಬಿಗಿಯುವುದು, ರಾತ್ರಿ ಮತ್ತೆ ಸಡಿಲ ಮಾಡಿಡುವುದು. ಅಂಗಡಿಯವರಿಗಿದ್ದ ಚಿಂತೆ ಬೇರೆ: "ನಾ ಹೇಳಿದ್ನಂತ ಅವ್ರಿಗೆ ಹೇಳಬ್ಯಾಡ್ರಿ ಅಕ್ಕಾರ. ಹಬ್ಬಕ್ಕ ಅರಿವಿ ನಿಮ್ಮ ಅಂಗಡ್ಯಾಗ ತಗೋತೇವಿ."

ಮನೆಗೆ ಬಂದು ಬ್ಯಾಟರಿ ಕೂಡಿಸಿ, ಎರಡೂ ಕ್ಲಾಂಪು ಹಲ್ಲು ಕಚ್ಚಿ ಬಿಗಿದೆ. ಮಧ್ಯಾಹ್ನ ಅಂಗಡಿ ಮುಚ್ಚಿ ನಮ್ಮವರು ಊಟಕ್ಕೆ ಬಂದಾಗ ಕಾರು ಗುರುಗುಟ್ಟುತ್ತಿತ್ತು, ಒಳಗೆ ನಾನಿದ್ದೆ.

"ಕ್ಲಾಂಪ್ ಸಡಲ ಇತ್ತ್ರಿ," ಅಂದೆ, ಅಷ್ಟೇ.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡಂತೆ, "ನಾ ಯಾಕ ಸಡಲ ಮಾಡ್ಲಿ?" ಅಂದರು. ನಾನು ಆಕ್ಸಿಲರೇಟರ್ ಒತ್ತಿದೆ. ಆಗ ಖರೇ ಮಾತು ಹೊರಬಂತು: "ಹೊಸಾ ಗಾಡಿ ಐತಿ. ನೀ ಎಲ್ಲೆರ ಗುದ್ದಿ ಬಣ್ಣ ಕೆತ್ತಿಸ್ಕೊಂಡ ಬಂದ್ರ?"

ನನಗೇನಾದರೂ ಆದೀತೆಂಬ ಹೆದರಿಕೆಯಿತ್ತು ಎಂದಿದ್ದರೆ, ಸುಳ್ಳೆಂದು ಗೊತ್ತಿದ್ದರೂ ಅಲ್ಲೇ ಕರಗಿಬಿಡುತ್ತಿದ್ದೆ. ನಾನು ಅಷ್ಟು ಅಗ್ಗದವಳು. ಒಂದೂವರೆ ತಿಂಗಳು ಸಲೀಸಾಗಿ ಸುಳ್ಳು ಹೇಳಿದ ಮನುಷ್ಯನಿಗೆ ಆ ಒಂದು ಸುಳ್ಳು ಮಾತ್ರ ಹೊಳೆಯಲಿಲ್ಲ.

ಗೇರು ಹಾಕಿದೆ. ಗೇಟು ದಾಟುವಾಗ ಎಡಗಡೆ ಬಾಗಿಲು ಕಂಪೌಂಡಿಗೆ ಉದ್ದಕ್ಕೂ ತಿಕ್ಕಿತು. ಹಿಂದಿನಿಂದ ಅವರು ಕೂಗಿದ್ದು ಕೇಳಿಸಿತು. ನಾನು ನಿಲ್ಲಿಸದೆ ಸೀದಾ ಕುಂಕಳ್ಳಿಗೆ ಹೋದೆ.