ಗಡಿಗೆಗೆ ಹೊದಿಸಿದ ಕೌದಿ

ಮೊಮ್ಮಕ್ಕಳೇ, ಪಲ್ಲವಿ, ಸಂತೋಷ, ನೀವು ನೋಡದ ಒಬ್ಬರ ಬಗ್ಗೆ ಬರೆಯುತ್ತಿದ್ದೇನೆ. ನಿಮ್ಮ ಅಜ್ಜನ ಅಜ್ಜಿ, ನೀಲಮ್ಮ. ಮನೆಯವರಿಗೆಲ್ಲ ಆಕೆ ಆಯಿ. ಚಳಿಗಾಲ ಬಂತೆಂದರೆ ತನ್ನ ಕೌದಿಯನ್ನು ಅಂಬಲಿ ಗಡಿಗೆಗೆ ಹೊದಿಸಿ, ತಾನು ಗೋಣಿಚೀಲ ಹೊದ್ದು ಮಲಗುತ್ತಿದ್ದಳು. ಯಾರಾದರೂ ಬೈದರೆ, “ನಾ ನಡುಗಿದ್ರ ನಡೀತದ, ಗಡಗಿ ನಡುಗಬಾರ್ದು” ಎನ್ನುತ್ತಿದ್ದಳು.

ನಾನು ಸಂತಪುರದಿಂದ ಭಾಲ್ಕಿಗೆ ಸೊಸೆಯಾಗಿ ಬಂದ ವರ್ಷವೇ ನಮ್ಮ ಬೀದರ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತ್ತು. ಮಾವನವರು ಕಟ್ಟೆಯ ಮೇಲೆ ಕೂತು ದಿನವೂ ಅದನ್ನೇ ಮಾತಾಡುತ್ತಿದ್ದರು.

“ರಾಜ್ಯ ಬದಲಾತಂತಲ್ಲೋ. ಮೈಸೂರ ಮಂದಿ ಈ ಥಂಡಿ ಕಡಿಮಿ ಮಾಡ್ತಾರೇನು ಕೇಳು” ಎಂದು ಆಯಿ ಮಗನನ್ನು ಕೆಣಕುತ್ತಿದ್ದಳು.

“ಅರ್ಜಿ ಹಾಕ್ತೀನಿ, ತಡಿಯವ್ವಾ” ಎಂದು ಅವರು ನಗುತ್ತಿದ್ದರು.

ಆಯಿಗೆ ಚಿಂತೆಯಿದ್ದದ್ದು ಎಳ್ಳ ಅಮಾವಾಸ್ಯೆಯದು. ಅಂದು ಹೊಲದಲ್ಲಿ ಪೂಜೆ ಮಾಡಿ, ಕಾಳು ಸೊಪ್ಪು ಬೇಯಿಸಿದ ಭಜ್ಜಿ, ರೊಟ್ಟಿ ಉಂಡು, ಬಂದವರಿಗೆಲ್ಲ ಅಂಬಲಿ ಕೊಡಬೇಕು. ಜೋಳದ ಗಂಜಿಗೆ ಮಜ್ಜಿಗೆ ಬೆರೆಸಿಟ್ಟರೆ ಬೇಸಿಗೆಯಲ್ಲಿ ತಾನೇ ಹುಳಿಯುತ್ತದೆ. ಆದರೆ ಈ ಅಮಾವಾಸ್ಯೆ ಬರುವುದು ಕಡು ಚಳಿಯಲ್ಲಿ. ನಮ್ಮ ಅಡುಗೆಮನೆಯ ಕಲ್ಲುಗೋಡೆ ಮುಟ್ಟಿದರೆ ಕೈ ಕೊರೆಯುತ್ತಿತ್ತು. ಆಯಿ ಗಡಿಗೆಯನ್ನು ಬೆಚ್ಚಗಿನ ಬೂದಿಯ ಮೇಲೆ ಕೂರಿಸಿ, ಕೌದಿ ಸುತ್ತಿ, ಆಗಾಗ ಅದರ ಹೊಟ್ಟೆಗೆ ಕೈ ಹಚ್ಚಿ ನೋಡುತ್ತಿದ್ದಳು. ಆರಿದ್ದರೆ ಬೂದಿ ಬದಲಿಸುವುದು, ಕಾದಿದ್ದರೆ ಕೌದಿ ಸಡಿಲಿಸುವುದು. “ಥಂಡಿ ಹತ್ತಿದ್ರ ಮಲಗ್ತದ, ಝಳ ಹತ್ತಿದ್ರ ಸಿಟ್ಟಿಗೇಳ್ತದ” ಎಂದು ಗಡಿಗೆಯನ್ನು ಕೂಸಿನಂತೆ ಸಂಭಾಳಿಸುತ್ತಿದ್ದಳು.

ಹಿಂದಿನ ವರ್ಷ ಅಂಬಲಿ ಕೆಟ್ಟಿತ್ತಂತೆ. ನನ್ನ ಅತ್ತೆ ನೇರ ಮಾತಿನವರು. “ಈ ಸಲನೂ ಕೆಟ್ಟರ ಮುಂದಿನ ವರ್ಷದಿಂದ ಗಡಗಿ ನಾ ಇಡ್ತೀನ್ರಿ. ನಿಮಗ ವಯಸ್ಸಾತು” ಎಂದರು. ಬೀಸುವುದು, ಹೈನು, ಅಡುಗೆ ಎಲ್ಲವೂ ಒಂದೊಂದಾಗಿ ಬೇರೆಯವರ ಕೈಗೆ ಹೋಗಿ, ಆಯಿಗೆಂದು ಉಳಿದಿದ್ದದ್ದು ಆ ಗಡಿಗೆ ಒಂದೇ.

ಗಡಿಗೆ ಇಟ್ಟ ಮರುದಿನ ಆಯಿ ಹೆಂಚಿನ ಮೇಲಿನ ರೊಟ್ಟಿಯನ್ನು ಬರಿಗೈಯಲ್ಲಿ ತೆಗೆದಳು. ಬೆರಳು ಹೆಂಚಿಗೆ ತಾಗಿದರೂ ಮುಖದಲ್ಲಿ ಏನೂ ಕಾಣಲಿಲ್ಲ. ಸಂಜೆಗೆ ಬೆರಳಿಗೆ ಬೊಬ್ಬೆ ಎದ್ದಿತ್ತು. ಆಕೆಯ ಕೈ ಜೋಮು ಹಿಡಿದಿದೆ, ಬಿಸಿ ತಂಪು ತಿಳಿಯುತ್ತಿಲ್ಲ ಎಂದು ನನಗೆ ಆಗ ಹೊಳೆಯಿತು. ಎದ್ದು ಹೋಗಿ ಗಡಿಗೆ ಮುಟ್ಟಿದೆ. ಕೈ ಚುರ್ ಎಂದಿತು.

ಅತ್ತೆ ಅಲ್ಲೇ ಕಾಳು ಹಸನು ಮಾಡುತ್ತಿದ್ದರು. ಹೇಳಿದರೆ ಗಡಿಗೆ ಆಯಿಯ ಕೈತಪ್ಪುತ್ತದೆ, ಹೇಳದಿದ್ದರೆ ಅಂಬಲಿ ಕೆಡುತ್ತದೆ. ಹಿರಿಯರ ಮುಂದೆ ಬಾಯಿ ಬಿಟ್ಟವಳಲ್ಲ ನಾನು.

“ಆಯಿ, ನನ್ನ ಕೈ ಥಂಡಿ ಆಗ್ಯಾವರಿ. ಇಲ್ಲೇ ಕಾಸ್ಕೋತೇನಿ” ಎಂದೆ.

“ಗಡಗಿ ಹತ್ರ ಕೈ ಕಾಸ್ಕೋತಾಳಂತ! ಸಂತಪುರದಾಗ ಒಲಿ ಇಲ್ಲೇನು?” ಎಂದು ಅತ್ತೆ ನಕ್ಕರು.

ಆಯಿ ನಗಲಿಲ್ಲ. ನನ್ನ ಮುಖವನ್ನೇ ನೋಡಿ, ಮೆಲ್ಲಗೆ, “ಹ್ಯಾಂಗದ?” ಎಂದಳು.

“ಈಗ ತೆಗೆದ ರೊಟ್ಟಿ ಹಾಂಗ.”

ಕೂಡಲೇ ಕೌದಿ ಬಿಚ್ಚಿ ಬೂದಿ ಎಳೆದುಹಾಕಿದಳು. ಅಂದಿನಿಂದ ನಾನು ದಿನವೂ ಅಲ್ಲಿ ಕೈ ಕಾಸಿಕೊಂಡೆ. ಬರೀ “ಬೆಚ್ಚಗದ” ಎಂದರೆ ಆಯಿ ಒಪ್ಪುತ್ತಿರಲಿಲ್ಲ. “ಯಾತರ ಹಾಂಗ? ಸರಿಯಾಗಿ ಹೇಳವ್ವ.” ಒಮ್ಮೆ “ಮಲಗಿದ ಕೂಸಿನ ಕುತ್ತಿಗಿ ಹಾಂಗರಿ” ಎಂದೆ. ಆಯಿಯ ಮುಖ ಅರಳಿತು. “ಹಾಂ! ಅಲ್ಲೇ ಇರ್ಲಿ ಅದು.”

ಅಮಾವಾಸ್ಯೆಯ ದಿನ ಹೊಲಕ್ಕೆ ಬಂದವರು ಕೇಳಿ ಕೇಳಿ ಅಂಬಲಿ ಕುಡಿದರು. ಅತ್ತೆಯೂ ಎರಡನೇ ಸಲ ಲೋಟ ಚಾಚಿದರು. ಮಾವನವರು, “ನಮ್ಮವ್ವನ ಕೈಗುಣ ಹೋಗಿಲ್ಲ ನೋಡ್ರಿ” ಎಂದರು.

“ಈ ವರ್ಷ ನನಗ ನಾಕು ಕೈ ಬಂದಾವಪ್ಪ” ಎಂದಳು ಆಯಿ. ಎಲ್ಲರೂ ನಕ್ಕರು. ನಾನು ಸೆರಗು ಮುಂದೆಳೆದುಕೊಂಡೆ.

ಕೊನೆಯವರೆಗೂ ಗಡಿಗೆ ಆಯಿಯದೇ ಆಗಿತ್ತು. ಆಕೆ ಹೋದ ಮೇಲಿನ ಮೊದಲ ಚಳಿಗಾಲ, ಅತ್ತೆ ತಾವಾಗಿ ಆ ಕೌದಿಯನ್ನು ತಂದು ನನ್ನ ಕೈಗಿಟ್ಟು, “ನೀನೇ ಇಡು. ಕೈ ಕಾಸ್ಕೋಳಾಕಿ ನೀನಲ್ಲೇನು?” ಎಂದರು. ಅವರಿಗೆ ಮೊದಲಿನಿಂದಲೂ ಗೊತ್ತಿತ್ತು.

ಈಗ ಬೀದರಿನ ಈ ಮನೆಯಲ್ಲಿ ನನ್ನ ಬೆರಳುಗಳೂ ಜೋಮು ಹಿಡಿಯುತ್ತವೆ. ಈ ಅಮಾವಾಸ್ಯೆಗೆ ಬಂದಾಗ ಗಡಿಗೆ ಮುಟ್ಟಿ, ಯಾತರ ಹಾಗಿದೆ ಎಂದು ನೀವು ಹೇಳಬೇಕು. ಈ ಹಾಳೆಗಳನ್ನು ಕೌದಿಯ ಮಡಿಕೆಯಲ್ಲೇ ಇಟ್ಟಿರುತ್ತೇನೆ. ಕೌದಿ ಒಗೆಯುವಾಗ ಮೊದಲು ಇವನ್ನು ತೆಗೆದು ಜೋಪಾನವಾಗಿಡಿ.