ಹಲಗೆ ಬಿಟ್ಟ ಉಸಿರು

೨೦೨೩ರ ಫೆಬ್ರವರಿಯ ಒಂದು ಗುರುವಾರ, ಮಧ್ಯಾಹ್ನ ಎರಡು ಗಂಟೆ ಹತ್ತು ನಿಮಿಷಕ್ಕೆ ಸಾವಕ್ಕ ಹಲಗೆ ಎಣಿಸುತ್ತಿದ್ದರು. ಕೈಯಲ್ಲಿ ಮೊಳದುದ್ದದ ಒಂದು ಕೋಲು. ಒಟ್ಟಿದ ಹಲಗೆಗಳ ಅಂಚಿಗೆ ಅದನ್ನು ತಾಗಿಸುತ್ತ ಮೇಲಿನಿಂದ ಕೆಳಗೆ ಬರುವುದು, ತಾಗಿದ ಪ್ರತಿ ಹಲಗೆಗೂ ಸಂಖ್ಯೆಯನ್ನು ಗಟ್ಟಿಯಾಗಿ ಹೇಳುವುದು ಅವರ ರೀತಿ. ಒಂದು ಒಟ್ಟಿಲಿಗೆ ನಲವತ್ತು ಹಲಗೆ. ನಲವತ್ತನ್ನೂ ಅವರು ಒಂದೇ ಉಸಿರಿನಲ್ಲಿ ಹೇಳಿ ಮುಗಿಸುತ್ತಿದ್ದರು. ಆ ದಿನ ಇಪ್ಪತ್ತಾರಕ್ಕೆ ಧ್ವನಿ ನಿಂತಿತು.

ಗೋಡೆಯ ಆಚೆ ಪ್ರಯೋಗಾಲಯದಲ್ಲಿದ್ದ ಭಾಗ್ಯಶ್ರೀ ಎದ್ದು ಬಂದಳು. ಧಾರವಾಡದಲ್ಲಿ ರಸಾಯನಶಾಸ್ತ್ರ ಓದಿ, ನಾಲ್ಕು ವರ್ಷದಿಂದ ಈ ಕಾರ್ಖಾನೆಯ ಹಲಗೆಗಳನ್ನು ಪರೀಕ್ಷಿಸುತ್ತಿದ್ದವಳು. ಆ ಎಣಿಕೆ ನಡುವೆ ನಿಂತದ್ದನ್ನು ಅವಳು ಎಂದೂ ಕೇಳಿರಲಿಲ್ಲ.

"ಯಾಕ್ರಿ ಸಾವಕ್ಕ, ಲೆಕ್ಕಾ ತಪ್ಪಿತೇನು?"

"ಲೆಕ್ಕಾ ಐತ್ರಿ ಅಕ್ಕಾರ. ಉಸಿರ ಸಾಲವಲ್ದು."

ಹಲಗೆ ಎತ್ತುವ ಗಾಡಿಯ ಮೇಲೆ ಕೂತಿದ್ದ ಜುಲ್ಫಿಕಾರ ಅಲ್ಲಿಂದಲೇ ಕೂಗಿದ. "ಸಾವಕ್ಕಗ ವಯಸ್ಸಾತು. ಇನ್ನ ನಾಳಿಂದ ನಾನ ಎಣಸ್ತೇನಿ."

"ನಿನಗ ಇಪ್ಪತ್ತರ ಮುಂದ ಏನ ಬರ್ತೈತಿ ಅಂತ ಗೊತ್ತೇನೋ?" ಎಂದರು ಸಾವಕ್ಕ. ನಗಲು ಹೋಗಿ ಕೆಮ್ಮಿದರು. ಕೆಮ್ಮು ಬಹಳ ಹೊತ್ತು ನಿಲ್ಲಲಿಲ್ಲ.

ಆಗ ಅವರಿಗೆ ನಲವತ್ತಾರು ವರ್ಷ. ಅಮರಗೋಳದ ಮಾರುಕಟ್ಟೆ ಅಂಗಳದಲ್ಲಿ ತಾಯಿಯೊಂದಿಗೆ ಕಾಳು ಹಸನು ಮಾಡುತ್ತ ಬೆಳೆದವರು. ಹಮಾಲರು ಚೀಲ ಹೇರುವಾಗ ಎಣಿಕೆ ಕೂಗುವವರು ಬೇಕಿತ್ತು. ಸಾವಕ್ಕನ ಧ್ವನಿ ಲಾರಿಯ ಸದ್ದನ್ನೂ ದಾಟುತ್ತಿತ್ತು. ಆ ಅಂಗಳದಲ್ಲಿ ಮೊದಲನೆಯ ಚೀಲಕ್ಕೆ ಯಾರೂ ಒಂದು ಎನ್ನುವುದಿಲ್ಲ, ಲಾಭ ಎನ್ನುತ್ತಾರೆ. ಲಾಭ, ಎರಡು, ಮೂರು ಎಂದು ಲೆಕ್ಕ ಸಾಗುತ್ತದೆ. ಗಂಡ ಹುಲಗಪ್ಪ ಅಲ್ಲಿಯ ಹಮಾಲ. ಅವರ ಬೆನ್ನು ಹಿಡಿದುಕೊಂಡು ಮನೆಯಲ್ಲಿ ಕೂರುವಂತಾದಾಗ ಸಾವಕ್ಕ ಹುಬ್ಬಳ್ಳಿಯ ಹೊರಗಿನ ಈ ಹಲಗೆ ಕಾರ್ಖಾನೆಗೆ ಬಂದರು. ಎಣಿಕೆಯನ್ನೂ ಜೊತೆಗೆ ತಂದರು.

ಕಾರ್ಖಾನೆಯಲ್ಲಿ ತಯಾರಾಗುತ್ತಿದ್ದದ್ದು ಕಚೇರಿ ಮೇಜುಗಳ ಹಲಗೆ. ಅದಕ್ಕೆ ಮರ ಬೇಡ. ನವಲಗುಂದ, ಅಣ್ಣಿಗೇರಿ ಕಡೆಯ ಎರೆಹೊಲಗಳಲ್ಲಿ ಹತ್ತಿ ಬಿಡಿಸಿದ ಮೇಲೆ ಉಳಿಯುವ ಕಟ್ಟಿಗೆಯನ್ನು ರೈತರು ಸುಟ್ಟು ಹಾಕುತ್ತಿದ್ದರು. ಅದನ್ನೇ ಕೊಂಡು ತಂದು, ಪುಡಿ ಮಾಡಿ, ಅಂಟು ಕಲಸಿ, ಬಿಸಿ ಅಚ್ಚಿನಲ್ಲಿ ಒತ್ತಿದರೆ ಹಲಗೆ. ಈ ಮಾತಿನಲ್ಲಿ ಸುಳ್ಳಿಲ್ಲ. ಹೊಲದ ಹೊಗೆ ಕಡಿಮೆಯಾಗುತ್ತಿತ್ತು, ಗಿಡ ಉಳಿಯುತ್ತಿತ್ತು. ಸಾವಕ್ಕನಿಗೆ ಅದರ ಹೆಮ್ಮೆ ಇತ್ತು. "ನಮ್ಮ ಮೇಜಿಗೆ ಒಂದ ಗಿಡಾ ಬೀಳಂಗಿಲ್ಲ" ಎಂದು ಓಣಿಯವರಿಗೆ ಹೇಳುತ್ತಿದ್ದರು.

ತೊಂದರೆ ಇದ್ದದ್ದು ಅಂಟಿನಲ್ಲಿ. ಅಗ್ಗದ ಅಂಟು ಒಣಗುವಾಗ ಫಾರ್ಮಾಲ್ಡಿಹೈಡ್ ಎಂಬ ಅನಿಲ ಬಿಡುತ್ತದೆ. ಅದು ಹೆಚ್ಚಾಗಿದ್ದರೆ ಪರಿಸರಸ್ನೇಹಿ ಎಂಬ ಹಸಿರು ಚೀಟಿ ಸಿಗುವುದಿಲ್ಲ. ಚೀಟಿಯಿಲ್ಲದೆ ದೊಡ್ಡ ಕಂಪನಿಗಳು ಮೇಜು ಕೊಳ್ಳುವುದಿಲ್ಲ. ಒಳ್ಳೆಯ ಅಂಟಿಗೆ ಬೆಲೆ ಹೆಚ್ಚು. ಹೀಗಾಗಿ ವ್ಯವಸ್ಥಾಪಕ ರಾಜಶೇಖರ ಬೇರೆ ದಾರಿ ಹಿಡಿದಿದ್ದರು. ಅಚ್ಚಿನಿಂದ ಬಂದ ಹಲಗೆಗಳನ್ನು ಹಾಲ್ ಎಂದು ಕರೆಯುವ ಒಂದು ಉದ್ದನೆಯ ಕೋಣೆಯಲ್ಲಿ, ನಡುನಡುವೆ ಪಟ್ಟಿ ಇಟ್ಟು, ಹತ್ತು ದಿನ ಬಿಡುವುದು. ದಿನಕ್ಕೊಮ್ಮೆ ಮಗುಚಿ ಹಾಕುವುದು. ಹಲಗೆ ತನ್ನೊಳಗಿನ ಅನಿಲವನ್ನು ಅಲ್ಲೇ ಬಿಟ್ಟು ಬರುತ್ತಿತ್ತು. ಆಮೇಲೆ ಭಾಗ್ಯಶ್ರೀ ಪರೀಕ್ಷಿಸಿದರೆ ಫಲಿತಾಂಶ ನಿಜವಾಗಿಯೂ ಚೆನ್ನಾಗಿರುತ್ತಿತ್ತು. ಅದರಲ್ಲಿ ಮೋಸವಿರಲಿಲ್ಲ. ಹಲಗೆ ಬಿಟ್ಟದ್ದು ಎಲ್ಲಿಗೆ ಹೋಯಿತೆಂದು ಮಾತ್ರ ಯಾರೂ ಅಳೆದಿರಲಿಲ್ಲ.

ಅದು ಹಾಲಿನಲ್ಲೇ ಇತ್ತು. ಧೂಳು ಕೂರುತ್ತದೆಂದು, ಮಳೆಗಾಲದಲ್ಲಿ ಹಸಿ ಹಿಡಿಯುತ್ತದೆಂದು ಬಾಗಿಲು ಮುಚ್ಚಿರುತ್ತಿದ್ದರು. ಒಳಗೆ ಹದಿನಾಲ್ಕು ಹೆಂಗಸರು ಹಲಗೆ ಮಗುಚುತ್ತಿದ್ದರು. ಅವರ ಮುಂದಾಳು ಸಾವಕ್ಕ.

ಸೇರಿದ ಹೊಸದರಲ್ಲಿ ಉಳ್ಳಾಗಡ್ಡಿ ಹೆಚ್ಚಿದಂತೆ ಕಣ್ಣಲ್ಲಿ ನೀರು ಸುರಿಯುತ್ತಿತ್ತು. ತಿಂಗಳಾಗುವಷ್ಟರಲ್ಲಿ ವಾಸನೆಯೇ ತಿಳಿಯದಾಯಿತು. ಹೊಸಬರು ಬಂದಾಗ ಸಾವಕ್ಕ, "ಒಂದ ತಿಂಗಳ ತಡೀರಿ, ಮೈಗೆ ಒಗ್ಗತೈತಿ" ಎನ್ನುತ್ತಿದ್ದರು. ಒಗ್ಗಿದ್ದು ಮೂಗು ಮಾತ್ರ. ಒಂದೇ ವಾಸನೆಯಲ್ಲಿ ದಿನಗಟ್ಟಲೆ ಇದ್ದರೆ ಮೂಗು ಸುದ್ದಿ ಹೇಳುವುದನ್ನು ನಿಲ್ಲಿಸುತ್ತದೆ; ಎದೆ ಅದನ್ನು ಎಳೆದುಕೊಳ್ಳುತ್ತಲೇ ಇರುತ್ತದೆ.

ಮಗಳು ಪೂನಮ್ ಮುಗದದ ಸಾಲೆಯಲ್ಲಿ ಅತಿಥಿ ಶಿಕ್ಷಕಿ. ಎಣಿಕೆ ನಿಂತ ಆ ವಾರವೇ ಅವಳು ತಾಯಿಯನ್ನು ಎದೆಯ ಡಾಕ್ಟರ ಹತ್ತಿರ ಕರೆದುಕೊಂಡು ಹೋದಳು. ಡಾಕ್ಟರು ಕೆಲಸದ ಜಾಗದ ಬಗ್ಗೆ ಕೇಳಿ, ಇದು ಕೆಲಸದಿಂದ ಬಂದ ಅಸ್ತಮಾ ಎಂದರು. ಈಗಲೇ ಆ ಜಾಗ ಬಿಟ್ಟರೆ ಬಹುಮಟ್ಟಿಗೆ ಸುಧಾರಿಸಬಹುದು, ತಡ ಮಾಡಿದಷ್ಟೂ ಉಳಿದುಬಿಡುತ್ತದೆ ಎಂದು ಎರಡು ಸಲ ಹೇಳಿದರು.

ಸಾವಕ್ಕ ಮರುದಿನವೇ ರಾಜಶೇಖರರ ಕೋಣೆಗೆ ಹೋದರು. ಭಾಗ್ಯಶ್ರೀಯೂ ಬಂದಳು. ಹಿಂದಿನ ದಿನ ಅವಳು ಹಾಲಿನ ಗಾಳಿಯನ್ನೇ ಅಳೆದಿದ್ದಳು. ಮನುಷ್ಯರು ಇರಬಹುದಾದ ಮಿತಿಗಿಂತ ಅದು ಹಲವು ಪಟ್ಟು ಹೆಚ್ಚಿತ್ತು.

ರಾಜಶೇಖರ ಕೇಳಿಸಿಕೊಂಡರು. ಕೂಗಾಡುವ ಮನುಷ್ಯರಲ್ಲ. "ನೋಡವಾ ಸಾವಕ್ಕ, ಮುಂದಿನ ತಿಂಗಳ ಹಸಿರು ಚೀಟಿ ತಪಾಸಣಿಗೆ ಪುಣೆಯಿಂದ ಬರಾಕತ್ತಾರ. ಪಾಸಾದ್ರ ದೊಡ್ಡ ಆರ್ಡರ್ ಐತಿ. ಆರ್ಡರ್ ಮುಗೀತಂದ್ರ ಫ್ಯಾನ್ ಹಾಕಸ್ತೇನಿ, ನಿಮ್ಮನ್ನ ಹದಿನಾಲ್ಕೂ ಮಂದೀನ ಕಾಯಂ ಮಾಡಸ್ತೇನಿ. ಮಾಲಕರ ಕಡೆ ಮಾತಾಡೇನಿ."

"ನನ್ನಷ್ಟ ಪ್ಯಾಕಿಂಗಿಗೆ ಹಾಕ್ರಿ ಸಾಹೇಬ್ರ."

"ಹಾಕ್ತೇನಿ. ನೀ ಹೋದ್ರ ಹಾಲ್ ಯಾರ ಸಂಭಾಳಸ್ತಾರ ಹೇಳು? ಎಂಟ ದಿನದಾಗ ಹಲಗಿ ಡೊಂಕ ಬೀಳ್ತಾವ. ತಪಾಸಣಿ ಒಂದ ಮುಗೀಲಿ."

ಹೊರಗೆ ಬಂದ ಮೇಲೆ ಭಾಗ್ಯಶ್ರೀ, "ಸಾವಕ್ಕ, ಇವತ್ತ ಬಿಟ್ಟಬಿಡ್ರಿ" ಎಂದಳು.

"ಕಾಯಂ ಅಂದಾರಲ್ರಿ. ಹದಿನಾಲ್ಕ ಮಂದೀದು."

ಮಾರ್ಚಿನಲ್ಲಿ ತಪಾಸಣೆಗೆ ಬಂದವರು ಒಬ್ಬ ಹಿರಿಯರು. ಕನ್ನಡ ಬಾರದು, ಹಿಂದಿಯಲ್ಲಿ ಕೇಳುತ್ತಿದ್ದರು. ಹತ್ತಿಕಟ್ಟಿಗೆಯ ರಾಶಿ ನೋಡಿದರು, ರೈತರ ರಸೀದಿ ನೋಡಿದರು, ಭಾಗ್ಯಶ್ರೀಯ ಪರೀಕ್ಷೆಯನ್ನು ತಾವೇ ಮತ್ತೊಮ್ಮೆ ಮಾಡಿಸಿದರು. ಎಲ್ಲವೂ ಸರಿಯಿತ್ತು. ಹಾಲಿನ ಬಾಗಿಲುಗಳನ್ನು ಆ ಬೆಳಿಗ್ಗೆ ತೆರೆದಿದ್ದರು. ಆದರೂ ಒಳಗೆ ಕಾಲಿಟ್ಟವರು ಕರವಸ್ತ್ರ ತೆಗೆದು ಕಣ್ಣೊರೆಸಿಕೊಂಡರು. ಹತ್ತಿರವಿದ್ದ ಸಾವಕ್ಕನ ಕಡೆ ತಿರುಗಿ ಏನೋ ಕೇಳಿದರು. ಕನ್ನಡದಲ್ಲಿ ಹೇಳುವ ಕೆಲಸ ಭಾಗ್ಯಶ್ರೀಗೆ ಬಂತು.

"ಇಲ್ಲೆ ಕೆಲಸಾ ಮಾಡಾಕ ನಿಮಗ ಏನರ ತ್ರಾಸ ಆಗತೈತೇನು ಅಂತ ಕೇಳಾಕತ್ತಾರ."

ಸಾವಕ್ಕನ ಹಿಂದೆ ಹದಿಮೂರು ಹೆಂಗಸರು ಕೈಕಟ್ಟಿ ನಿಂತಿದ್ದರು. ಸಾವಕ್ಕ ಹೊರಳಿ ನೋಡಲಿಲ್ಲ.

"ಏನೂ ತ್ರಾಸಿಲ್ಲಂತ ಹೇಳ್ರಿ."

ಭಾಗ್ಯಶ್ರೀ ಹಿರಿಯರ ಕಡೆ ತಿರುಗದೆ ಸಾವಕ್ಕನನ್ನೇ ನೋಡಿದಳು.

"ಹೇಳ್ರಿ ಅಕ್ಕಾರ. ಅವರು ಕೇಳಿದ್ದು ನನ್ನ."

ಭಾಗ್ಯಶ್ರೀ ಹೇಳಿದಳು. ಹಿರಿಯರು ತಲೆಯಾಡಿಸಿ ಮುಂದೆ ಹೋದರು. ಬಾಗಿಲು ಮುಚ್ಚಿದ ಮೇಲೆ ಸಾವಕ್ಕ ಎರಡು ಒಟ್ಟಿಲುಗಳ ನಡುವೆ ಕೂತುಕೊಂಡರು, ಡಾಕ್ಟರು ಕೊಟ್ಟ ಉಸಿರಿನ ಪಂಪು ಬಾಯಿಗಿಟ್ಟುಕೊಂಡು.

ಚೀಟಿ ಸಿಕ್ಕಿತು, ಆರ್ಡರೂ ಬಂತು. ಹಾಲಿನಲ್ಲಿ ಕಾಲಿಡಲು ಜಾಗವಿಲ್ಲದಷ್ಟು ಹಲಗೆಗಳು ತುಂಬಿದವು. ಪ್ಯಾಕಿಂಗಿಗೆ ಹಾಕುವ ಮಾತು ಬೇಸಿಗೆ ಕಳೆಯಲಿ ಎಂದಾಯಿತು, ಮಳೆ ನಿಲ್ಲಲಿ ಎಂದಾಯಿತು. ಸಾವಕ್ಕ ಒಟ್ಟಿಲನ್ನು ಎರಡು ಉಸಿರಿನಲ್ಲಿ ಎಣಿಸಿದರು, ಆಮೇಲೆ ಮೂರು ಉಸಿರಿನಲ್ಲಿ. ಜುಲ್ಫಿಕಾರ ತಮಾಷೆ ಮಾಡುವುದನ್ನು ಬಿಟ್ಟ. ಅವರು ನಿಂತಲ್ಲಿ ಗಾಡಿ ನಿಲ್ಲಿಸಿ, ಮತ್ತೆ ಶುರುವಾಗುವವರೆಗೆ ಕಾಯುತ್ತಿದ್ದ.

ಅಕ್ಟೋಬರಿನಲ್ಲಿ ಆರ್ಡರ್ ಮುಗಿಯಿತು. ಕಾಯಂ ಆಗುವವರ ಸಂಬಳಕ್ಕೆ ಬೇರೆ ಬ್ಯಾಂಕಿನಲ್ಲಿ ಖಾತೆ ಬೇಕೆಂದು ಎಲ್ಲರನ್ನೂ ಧಾರವಾಡಕ್ಕೆ ಕಳಿಸಿದರು. ಬ್ಯಾಂಕಿನ ಮೇಜುಗಳು ಹೊಸವು, ಮೂಲೆಯಲ್ಲಿ ಹಸಿರು ಎಲೆಯ ಚಿತ್ರದ ಚೀಟಿ. ಸಾವಕ್ಕ ಕುರ್ಚಿಯಲ್ಲಿ ಕೂತವರೇ ಮೇಜಿನ ಅಡಿಗೆ ಕೈ ಹಾಕಿ ಸವರಿದರು. ಬೆರಳಿಗೆ ಒಟ್ಟಿಲಿನ ಪಟ್ಟಿಯ ತೆಳು ಗುರುತು ಸಿಕ್ಕಿತು, ತಮ್ಮ ಹಾಲಿನ ಹಲಗೆಯೇ. ಬಗ್ಗಿ ಮೂಸಿ ನೋಡಿದರು.

ಖಾತೆ ಬರೆದುಕೊಳ್ಳುತ್ತಿದ್ದ ಹುಡುಗನಿಗೆ ನಗು ಬಂತು. "ಹೊಸಾ ಮೇಜ್ರಿ ಅಜ್ಜಿ. ಇದಕ್ಕ ಒಂದ ಗಿಡಾನೂ ಕಡದಿಲ್ಲಂತ."

"ಹೌದೇನಪಾ," ಎಂದರು ಸಾವಕ್ಕ. "ವಾಸನಿ ಏನೂ ಇಲ್ಲ. ಛಲೋ ಆಗೇತಿ."

ಆ ಮೇಜಿನಿಂದ ಆ ಹುಡುಗನಿಗೆ ಯಾವ ಅಪಾಯವೂ ಇಲ್ಲ. ಇದನ್ನು ಹೇಳಲೇಬೇಕು. ಹೊರಗೆ ಬಂದು ಸಾವಕ್ಕ, ಮುಗದದಿಂದ ಬಂದು ಕಾಯುತ್ತಿದ್ದ ಪೂನಮ್‌ಗೆ ಹೇಳಿದ್ದು ಬೇರೆ: "ಅಜ್ಜಿ ಅಂದ ನೋಡ ನನಗ. ಅವರವ್ವನ ವಯಸ್ಸ ಇರಬೇಕು ನಂದು."

ಡಿಸೆಂಬರಿನಲ್ಲಿ ಹದಿಮೂರು ಜನರಿಗೆ ಕಾಯಂ ಪತ್ರ ಬಂತು. ರಾಜಶೇಖರ ಮಾತು ತಪ್ಪಲಿಲ್ಲ; ದೇಹ ಸದೃಢವಾಗಿದೆ ಎಂಬ ವೈದ್ಯರ ಪ್ರಮಾಣಪತ್ರ ಬೇಕೆಂಬ ನಿಯಮ ಮೊದಲಿನಿಂದಲೂ ಇತ್ತು, ಅದನ್ನು ಅವರು ಹೇಳಿರಲಿಲ್ಲ ಅಷ್ಟೆ. ಹಾಲಿಗೆ ದೊಡ್ಡ ಫ್ಯಾನುಗಳೂ ಬಂದವು. ಈಗ ಒಳಗೆ ಹೋದರೆ ಕಣ್ಣು ಉರಿಯುವುದಿಲ್ಲ. ಸಾವಕ್ಕ ಅಮರಗೋಳದ ಮನೆಯಲ್ಲಿ, ಹುಲಗಪ್ಪನವರ ಎದುರಿನ ಗೋಡೆಗೆ ಒರಗಿ ಕೂತಿರುತ್ತಾರೆ. ನೀರಿನ ನಲ್ಲಿಯವರೆಗೆ ಹೋಗಿ ಬರುವುದಕ್ಕೆ ನಡುವೆ ಎರಡು ಕಡೆ ಕೂರಬೇಕು. ಮಾರುಕಟ್ಟೆಯ ಕಡೆಯಿಂದ ಎಣಿಕೆಯ ಕೂಗು ಬಂದಾಗ ಅವರ ತುಟಿ ಆಡುತ್ತದೆ, ಧ್ವನಿ ಬರುವುದಿಲ್ಲ. ಎದೆಯ ಡಾಕ್ಟರು ಹೇಳಿದ್ದಂತೆ ಅಸ್ತಮಾ ಉಳಿದುಬಿಟ್ಟಿದೆ.

ಸಾವಕ್ಕನ ಪ್ರಮಾಣಪತ್ರದ ಪರೀಕ್ಷೆ ಅದಕ್ಕೆ ಮೊದಲು, ನವೆಂಬರಿನ ಕೊನೆಯಲ್ಲಿ, ಹುಬ್ಬಳ್ಳಿಯಲ್ಲಿ ಕಂಪನಿ ಗೊತ್ತು ಮಾಡಿದ ಡಾಕ್ಟರರಲ್ಲಿ ನಡೆದಿತ್ತು. ಜೊತೆಗೆ ಭಾಗ್ಯಶ್ರೀ ಹೋಗಿದ್ದಳು. ಊದುವ ಯಂತ್ರ ಕೊಟ್ಟರು. ಮೂರು ಸಲವೂ ಕೆಮ್ಮು ಬಂದು ಊದಲಾಗಲಿಲ್ಲ. ಡಾಕ್ಟರು ಯಂತ್ರ ಬದಿಗಿಟ್ಟರು.

"ಇರಲಿ ಬಿಡ್ರಿ. ದೊಡ್ಡ ಉಸಿರ ಎಳಕೊಂಡು, ಒಂದ, ಎರಡ ಅಂತ ಗಟ್ಟಿಯಾಗಿ ಎಣಿಸ್ರಿ. ನಡುವ ಉಸಿರ ತಗೋಬ್ಯಾಡ್ರಿ."

ಸಾವಕ್ಕನ ಮುಖ ಅರಳಿತು. "ಎಷ್ಟಕ್ಕ ಪಾಸ್ರಿ?"

"ಮೂವತ್ತ ದಾಟಿದ್ರ ಛಲೋ."

"ನಾ ನಲವತ್ತ ಎಣಸೂವಾಕಿ ಅದೀನ್ರಿ," ಎಂದು ಭಾಗ್ಯಶ್ರೀಯ ಕಡೆ ನೋಡಿದರು. "ಹೇಳ್ರಿ ಅಕ್ಕಾರ ಇವರಿಗೆ."

ಸೆರಗು ಸರಿಪಡಿಸಿಕೊಂಡು ನೆಟ್ಟಗೆ ಕೂತರು. ಬಲಗೈ ಎತ್ತಿದರು, ಅದರಲ್ಲಿ ಕೋಲು ಇದ್ದಂತೆ. ಉಸಿರು ಎಳೆದುಕೊಂಡರು. ಮೊದಲ ಸಂಖ್ಯೆ ಹಳೆಯ ಧ್ವನಿಯಲ್ಲೇ ಬಂತು, ಹೊರಗೆ ಬೆಂಚಿನ ಮೇಲೆ ಕೂತಿದ್ದವರಿಗೂ ಕೇಳುವಷ್ಟು ಜೋರಾಗಿ.

"ಲಾಭ. ಎರಡ. ಮೂರ. ನಾಕ. ಐದ."

ಕೈ ಗಾಳಿಯಲ್ಲಿ ಒಂದೊಂದೇ ಹಲಗೆಯಷ್ಟು ಕೆಳಗಿಳಿಯುತ್ತಿತ್ತು. ಡಾಕ್ಟರು ಬರೆಯಲು ಪೆನ್ನು ತೆಗೆದುಕೊಂಡರು.

"ಆರ. ಏಳ."

ತನಗೇ ತಿಳಿಯದಂತೆ ಭಾಗ್ಯಶ್ರೀಯೂ ಉಸಿರು ಬಿಗಿಹಿಡಿದಿದ್ದಳು.

"ಎಂಟ. ಒಂಬತ್ತ."